ಕಿರುಗುಟ್ಟುವ ಪೆಡಲ್

ಫೋಟೋದಲ್ಲಿ ಎಬೋ ಇಲ್ಲ.
ಇಲ್ಲ ಅಂದರೆ, ಇದ್ದಾನೆ: ಸಿಂಬಲ್ಲಿನ ಹಿತ್ತಾಳೆ ತಟ್ಟೆಯ ಹಿಂದೆ
ಒಂದು ಕಿವಿ, ಒಂದು ಮೊಣಕೈ, ಅಷ್ಟೇ.
ಮುಂದೆ ಬಿಳಿ ಸೂಟಿನಲ್ಲಿ ಜೋ ಅಬೈದೂ, ಮೂವತ್ತೆರಡೂ ಹಲ್ಲು ಬಿಟ್ಟು,
ಎರಡು ಗಿಟಾರು, ಮೂರು ತುತ್ತೂರಿ,
ಅಂಚಿನಲ್ಲಿ ಬೇಸ್ ಹಿಡಿದು ನಾನು, ಕಣ್ಣು ಮುಚ್ಚಿಕೊಂಡು.
ನಿದ್ದೆಯಲ್ಲ. ಕೇಳಿಸಿಕೊಳ್ಳುತ್ತಿದ್ದೆ.

ಹದಿನೇಳು ವರ್ಷ ಅವನ ಪಕ್ಕ ನಿಂತವನು.
ಮುಖ ಹೇಗಿತ್ತೆಂದರೆ ಸರಿಯಾಗಿ ಹೇಳಲಾರೆ.
ಬಲಗಾಲು ಕೇಳಿ.
ಶೂ ಕಳಚಿಟ್ಟು ಬರಿಗಾಲಲ್ಲಿ ಪೆಡಲ್ ಮೆಟ್ಟುತ್ತಿದ್ದ,
ಹೆಬ್ಬೆರಳ ಉಗುರು ಕಪ್ಪು, ಹಿಮ್ಮಡಿಯಲ್ಲಿ ಇಂಜಿನ್ನಿನ ಗ್ರೀಸು.
ಆ ಕಾಲು ಇಳಿಯುವುದಕ್ಕೂ ನನ್ನ ಬೆರಳು ತಂತಿ ಮೀಟುವುದಕ್ಕೂ
ನಡುವೆ ಒಂದು ಕೂದಲೆಳೆ ತೂರಬಾರದು
ಅನ್ನುವುದೊಂದೇ ನನ್ನ ಧರ್ಮವಾಗಿತ್ತು.

ಹಗಲು ಟಕೊರಾಡಿಯ ರೈಲು ಶೆಡ್ಡಿನಲ್ಲಿ ಅವನ ಕೆಲಸ:
ಸುತ್ತಿಗೆ ಹಿಡಿದು ಗಾಲಿಗಾಲಿಗೂ ಒಂದೊಂದು ಏಟು.
ಗಟ್ಟಿ ಗಾಲಿ ಗಂಟೆಯಂತೆ ಉಲಿಯುತ್ತದೆ,
ಬಿರುಕು ಬಿಟ್ಟದ್ದು ಬೊದ್ದೆನ್ನುತ್ತದೆ.
ರಾತ್ರಿ ನಮ್ಮನ್ನೂ ಹಾಗೇ ಬಡಿದು ನೋಡುತ್ತಿದ್ದ.
ಯಾರು ಕುಡಿದು ಬಂದಿದ್ದಾರೆ, ಯಾರ ಮನೆಯಲ್ಲಿ ಜಗಳ,
ಯಾರು ಬೇರೆ ಬ್ಯಾಂಡಿನ ಜೊತೆ ಗುಟ್ಟಾಗಿ ಮಾತಾಡಿಕೊಂಡಿದ್ದಾರೆ,
ಮೊದಲ ಎಂಟು ಎಣಿಕೆಯೊಳಗೆ ಅವನಿಗೆ ಗೊತ್ತು.
ಬಾಯಿ ಬಿಡುತ್ತಿರಲಿಲ್ಲ. ಸ್ವಲ್ಪ ಹಿಂದೆ ಸರಿದು ಜಾಗ ಮಾಡಿಕೊಡುತ್ತಿದ್ದ,
ಬಸ್ಸಿನಲ್ಲಿ ಬಸುರಿಗೆ ಸರಿದು ಕೂರುವ ಹಾಗೆ.

ಹೆಂಗಸರು ನೋಡುತ್ತಿದ್ದದ್ದು ಜೋನನ್ನು.
ಆದರೆ ಅವರ ಸೊಂಟ?
ಅದು ಎಬೋನ ಮಾತು ಕೇಳುತ್ತಿತ್ತು.
ಜೋ ಒಮ್ಮೆ ಎರಡನೇ ಚರಣ ಪೂರ್ತಿ ಮರೆತ; ಯಾರಿಗೂ ತಿಳಿಯಲಿಲ್ಲ.
ಎಬೋ ಒಮ್ಮೆ ಸೀನಿದ:
ಇನ್ನೂರು ಜನ ಒಟ್ಟಿಗೆ ಎಡವಿದರು.

ಮಗಳು ಹುಟ್ಟಿದ ಗುರುವಾರ ನಾವೆಲ್ಲ ಅವನ ಹಿಂದೆ ಓಡಿದೆವು.
ಮೂರೂಮುಕ್ಕಾಲು ನಿಮಿಷದ ಹಾಡು ಮೂರರಲ್ಲೇ ಮುಗಿಯಿತು,
ತುತ್ತೂರಿಯ ಮುದುಕ ಕ್ವಾಮೆನಾ ಉಸಿರು ಸಾಲದೆ ಬೈದ.
ಅವನ ತಾಯಿ ತೀರಿದ ತಿಂಗಳು ಅದೇ ಹಾಡು
ಮರಳಲ್ಲಿ ದೋಣಿ ಎಳೆದಂತೆ.
ಯಾರೂ ಅವಸರ ಮಾಡಲಿಲ್ಲ. ಎಳೆದೆವು.

ರೆಕಾರ್ಡಿಗೆಂದು ಆಕ್ರಾಗೆ ಹೋದಾಗ
ಗಾಜಿನಾಚೆಯ ಎಂಜಿನಿಯರ್ ಮುಖ ಕಿವುಚಿದ:
‘ಆ ಪೆಡಲ್ ಇಲಿಯ ಹಾಗೆ ಕಿರುಗುಡುತ್ತಿದೆ, ಎಣ್ಣೆ ಹಾಕಿ.’
ಬಾಗಿಲಲ್ಲಿ ಮೀನು ಕರಿಯುತ್ತಿದ್ದವಳ ಹತ್ತಿರ
ಒಂದು ಚಮಚ ತಾಳೆಣ್ಣೆ ಬೇಡಿ ತಂದೆ.
ಹಾಕಿದೆವು. ಪೆಡಲ್ ಕೆಂಪಾಯಿತು. ಕಿರುಗುಟ್ಟುವುದು ನಿಲ್ಲಲಿಲ್ಲ.
ದುಡ್ಡು ಕಟ್ಟಿದ್ದು ಒಂದೇ ಗಂಟೆಗೆ. ಹಾಗೇ ಬಾರಿಸಿದ.

ಆಮೇಲೆ ಕರ್ಫ್ಯೂ ಬಂತು, ರಾತ್ರಿಗಳು ಹೋದವು.
ರಾತ್ರಿಗಳು ಮರಳಿದಾಗ ಹೋಟೆಲಿನವರು
ಬುತ್ತಿ ಡಬ್ಬಿಯಷ್ಟಗಲದ ಒಂದು ಮೆಷಿನ್ ತಂದಿಟ್ಟಿದ್ದರು.
ಅದು ಊಟ ಕೇಳದು, ಸೀನದು, ಅದಕ್ಕೆ ಮಗಳು ಹುಟ್ಟಳು.
ಎಬೋ ಡ್ರಮ್ಮುಗಳನ್ನು ಚರ್ಚಿಗೆ ಕೊಟ್ಟು ಶೆಡ್ಡಿನ ಗಾಲಿಗಳ ಹತ್ತಿರ ಹೋದ.

ನಿನ್ನೆ ಮಾರ್ಕೆಟ್ ಸರ್ಕಲ್ಲಿನಲ್ಲಿ ಹತ್ತಿದ ಟ್ಯಾಕ್ಸಿಯಲ್ಲಿ ನಮ್ಮ ಹಾಡು ಬಂತು.
‘ಯಾರು ಹಾಡ್ತಿರೋದು ತಾತ, ಗೊತ್ತಾ?’ ಕೇಳಿದ ಡ್ರೈವರ್ ಹುಡುಗ.
ಜೋನ ಹೆಸರು ಹೇಳಿದೆ. ಅವನು ಕೇಳಿದ್ದು ಅದನ್ನೇ ತಾನೆ.
ಪಲ್ಲವಿಗೆ ಹೊರಳುವ ಮುನ್ನ,
ತುತ್ತೂರಿಗಳು ಉಸಿರೆಳೆದುಕೊಳ್ಳುವ ಸಂದಿಯಲ್ಲಿ
ಕಿರ್.
ಮತ್ತೆ, ಕಿರ್.
ಹುಡುಗ ಬಗ್ಗಿ ತನ್ನ ಬ್ರೇಕಿನ ಕಡೆ ನೋಡಿಕೊಂಡ.
‘ಎಣ್ಣೆ ಹಾಕಿಸಬೇಕು’ ಅಂದ.
ಬೇಡ, ಅಂದೆ.