ಸೀನು ಬಂದರ ಬಾಯಿ ತೆರೀರಿ

ಥಪ್ಪಿ ಮ್ಯಾಲಿಂದ ಚೀಲ ಜಾರಿತು.
ಒಳಗ ಬರೇ ಒಣ ಮೆಣಸಿನಕಾಯಿ, ಹಗೂರ ಅಂತೀರಿ.
ನಲವತ್ತು ಕಿಲೋ ಹಗೂರ.
ರಕ್ತದ ಬಣ್ಣ ನೋಡಿ ದಲಾಲಿ ಮುರಿಗೆಪ್ಪ
ಒಂದು ಗಳಿಗಿ ರೇಟು ಮರತ.

ಹುಬ್ಬಳ್ಳಿ ಡಾಕ್ಟರಮ್ಮ ಲೈಟು ಹಿಡಿದು,
“ನಡುವಿನ ಗ್ವಾಡಿ ಎಡಕ್ಕ ಸೊಟ್ಟ ಆಗೇದ” ಅಂದ್ರು.
ನನ್ನ ಗಂಡ ನಕ್ಕ:
“ಇಷ್ಟು ದಿನ ತನ್ನ ಮೂಗಿನ ನೇರಕ್ಕ ಮಾತಾಡ್ತಿದ್ಲರಿ.”

ನೋವಾಗತೈತೇನ್ರಿ? ಹೊರಗ ಹೊಲಿಗಿ ಕಾಣತಾವೇನ್ರಿ?
ನಮ್ಮವ್ವನ ಮೂಗುಬಟ್ಟು ಮತ್ತ ಯಾವಾಗ ಇಟಗೋಬೇಕ್ರಿ?
ಎಲ್ಲಾಕೂ ಉತ್ತರ ಇತ್ತು.
ಕೇಳಬೇಕಾದ್ದು ಗಂಟಲದಾಗ ನಿಂತಿತ್ತು:
ಈ ವರ್ಷದ ಕಾಯಿ ಯಾವುದು,
ಕೋಲ್ಡ್ ಸ್ಟೋರೇಜಿನ ಹಳೇದು ಯಾವುದು,
ಕಣ್ಣು ಮುಚ್ಚಿ ಹೇಳತಿದ್ದ ಮೂಗು ರೀ ಇದು,
ಇದರಾಗ ನನ್ನ ಪಗಾರ ಐತಿ.

ಮನೀಗೆ ಕಳಸೂವಾಗ ಚೀಟಿ ಬರದ್ರು:
ಮೂಗು ಸೀಟಬ್ಯಾಡ್ರಿ. ಬಗ್ಗಿ ಭಾರ ಎತ್ತಬ್ಯಾಡ್ರಿ.
ಸೀನು ಬಂದರ ತಡೀಬ್ಯಾಡ್ರಿ, ಬಾಯಿ ತೆರೀರಿ.
“ಅಮ್ಮಾರ, ನಮ್ಮೂರು ಬ್ಯಾಡಗಿ” ಅಂದೆ.
ಅವರ ಪೆನ್ನು ನಿಂತಿತು.

ಮೋಟೆಬೆನ್ನೂರು ದಾಟಿದ್ದ
ಬಸ್ಸೆಲ್ಲಾ ಸೀನಾಕ ಹತ್ತಿತು, ಕಂಡಕ್ಟರನೂ.
ನಾನೊಬ್ಬಾಕಿ ಸುಮ್ಮನ.
ಮೂಗಿನಾಗ ಅರಿವಿ, ಕಣ್ಣಾಗ ನೀರು,
ಊರು ಬಂದದ್ದು ಗೊತ್ತೇ ಆಗಲಿಲ್ಲ.

ಹತ್ತೊಂಬತ್ತನೇ ದಿನ.
ಬಾಜೂ ಮನಿ ಮೆಹಬೂಬಿ ಖಾರ ಕುಟ್ಟಾಕ
ಕಾಯಿ ಹುರೀತಿದ್ದಳು.
ಎಡಗಡಿ ಹೊಳ್ಳಿಯೊಳಗ, ದಾರದಷ್ಟು ಸಣ್ಣಗ,
ಏನೋ ಹಾದು ಹೋತು.

ಗ್ವಾಡಿ ಮ್ಯಾಲಿಂದ ಕೂಗಿದೆ:
“ಹೋದ ವರ್ಷದ್ದು ಕೊಟ್ಟಾನ ಬೇ ನಿನಗ,
ತಿರುಗಿ ಒಯ್ದು ಅವನ ಮಾರಿಗೆ—”

ಮಾತು ಮುಗೀಲಿಲ್ಲ.
ಬಾಯಿ ತೆರದೆ.