ಹದಿಮೂರೇಳ್ಲೆ

ಬೆಂಕಿಪೆಟ್ಟಿಗಿಯಷ್ಟ ಐತಿ, ಅಂಗಿ ಕಾಲರಿಗೆ ಕಚ್ಚಿ ಕೂಡತೈತಿ.
ಬನಹಟ್ಟಿ ದಸ್ತಗೀರನ ಅಂಗಡ್ಯಾಗ
ಇನ್ನೂರೈವತ್ತಕ್ಕ ತಗೊಂಡೆ, ಯಾರೋ ಬಳಸಿ ಬಿಟ್ಟದ್ದು.

ಒಮ್ಮೆ ಚಾರ್ಜ್ ಮಾಡಿದರ ಒಂದು ಪಾಳಿ ದಾಟತೈತಿ.
ಫೋನಿನಂಗ ನಡುವ ಮಾಲಕ ಕರಿಯೂದಿಲ್ಲ, ಬೀಗರು ಕರಿಯೂದಿಲ್ಲ.
ಮೂರು ಸಲ ಬಿದ್ದೈತಿ, ಒಡದಿಲ್ಲ.

ಪರದೆ ಇಲ್ಲ, ಅದೊಂದ ತ್ರಾಸು.
ಮುಂದಿನ ಹಾಡು ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ:
ಭಜನಿ ಹಿಂದ ಬ್ಯಾಂಡು, ಬ್ಯಾಂಡಿನ ಹಿಂದ ಗೀಗೀ.
ಎಡಗಿವಿ ಹಾಡಿಗೆ, ಬಲಗಿವಿ ಮಗ್ಗಕ್ಕ.
ಎಳಿ ಹರಿದರ ಮಗ್ಗದ ದನಿ
ಕೂದಲೆಳಿಯಷ್ಟು ಬದಲಾಗತೈತಿ,
ಕೇಳಲಿಲ್ಲಂದ್ರ ಮೊಳ ಸೀರಿ ಹಾಳು.
ಹೋದ ತಿಂಗಳ ಎರಡು ಸೀರಿ ಹೋದವು.
ಹಾಡು ಚಂದ ಇತ್ತು.

ನಡುವ ಒಬ್ಬಾಕಿ ಹುಡುಗಿ ಬರತಾಳ,
ಮೊದಲಿನವರ ಮನಿ ಕೂಸು ಇರಬೇಕು.
ಮಗ್ಗದ ಗದ್ದಲದಾಗ ಮಗ್ಗಿ ಹೇಳತಾಳ.
ಹದಿಮೂರಾರ್ಲೆ ಎಪ್ಪತ್ತೆಂಟು,
ಹದಿಮೂರೇಳ್ಲೆ...
ನಿಂತಬಿಡತಾಳ. ಉಸಿರು ಕೇಳತೈತಿ,
ದೂರ ಎಲ್ಲೋ ತಾಟು ಬೀಳತೈತಿ,
ಮತ್ತ ಬ್ಯಾಂಡು.
"ತಾ, ಅಳಿಸಿ ಕೊಡತೇನಿ" ಅಂದ ದಸ್ತಗೀರ.
ಇರಲಿ ಬಿಡು ಅಂದೆ.

ದಿನಾ ಅಕಿಗೆ ಉತ್ತರ ನಾನ ಕೊಡತಿದ್ದೆ,
ಗಂಟಲ ಬಿಚ್ಚಿ. ಯಾರಿಗೆ ಕೇಳಬೇಕು?
ನಿನ್ನೆ ಅಕಿ ನಿಂತಳು, ನಾ ಬಾಯಿ ತೆರದೆ,
ಅದ ಗಳಿಗಿಗೆ ಕರೆಂಟು ಹೋತು.
ಇಪ್ಪತ್ನಾಕು ಮಗ್ಗ ಒಮ್ಮೆಲೆ ಸುಮ್ಮಾದವು.
"ತೊಂಬತ್ತೊಂದು!"

ಶೆಡ್ಡಿಗೆ ಶೆಡ್ಡ ತಿರುಗಿ ನೋಡ್ತು.
"ಏನ್ ತೊಂಬತ್ತೊಂದೋ?" ಅಂದ ಮುರಿಗೆಪ್ಪ, "ಸೀರ್ಯಾ?"
ನಾ ವೈರು ಸುತ್ತಿ ಕಿಸೆಕ್ಕ ಹಾಕಿದೆ.
ಹದಿಮೂರೆಂಟ್ಲೆ ಅಕಿ ಇನ್ನೂ ಹೇಳಿಲ್ಲ.