ಉಸಿರು ಬಿಟ್ಟು ನೋಡುವುದು

ಬರ್ಮಿಂಗ್‌ಹ್ಯಾಮಿಗೆ ಸಮುದ್ರವಿಲ್ಲ.
ಆದರೂ ಇಲ್ಲಿನ ಬೆಳ್ಳಿಗೆ ಲಂಗರಿನ ಮುದ್ರೆ.
ಯಾಕೆಂದು ಕೆಲಸಕ್ಕೆ ಸೇರಿದ ದಿನವೇ ಕೇಳಿದ್ದೆ.
"ಯಾರಿಗೂ ಸರಿಯಾಗಿ ಗೊತ್ತಿಲ್ಲ, ಎಲ್ಲರೂ ಹೇಳುತ್ತಾರೆ"
ಅಂದಿದ್ದ ಬೇಲಿಸ್, ಕಣ್ಣಿನ ಮಸೂರ ತೆಗೆಯದೆ.

ಲಂಗರು, ನಡೆಯುವ ಸಿಂಹ, ಒಂದು ಅಕ್ಷರ:
ಊರು, ಶುದ್ಧಿ, ಇಸವಿ.
ಮೂರೂ ಸೇರಿ ನಾಲ್ಕು ಎಳ್ಳುಕಾಳಿನಷ್ಟು ಜಾಗ.
ತಲೆಯ ತಿರುಪು ಬಿಚ್ಚಿದರೆ ಒಳಗೆ
ಹಳೆಯ ಸೀಸದ ಕಡ್ಡಿ ಎರಡೋ ಮೂರೋ,
ಈಗ ಅಂಗಡಿಯಲ್ಲಿ ಸಿಗುವುದಕ್ಕಿಂತ ದಪ್ಪ.
ತಿರುಗಿಸಿದರೆ ಮುಂದೆ ಬರಬೇಕು, ಹಿಂದೆಯೂ ಹೋಗಬೇಕು;
ಬರೀ ಬಂದರೆ ಅರ್ಧ ಬೆಲೆ.
ಹಲ್ಲಿನ ಗುರುತಿದ್ದರೆ ಅದರಲ್ಲೂ ಅರ್ಧ.
ಬೇಸರ ಬಂದಾಗ ಬೆಳ್ಳಿಯನ್ನೂ ಕಚ್ಚಿದ್ದಾರೆ ಜನ,
ಗುಮಾಸ್ತರು, ಪಾದ್ರಿಗಳು, ಒಬ್ಬ ನ್ಯಾಯಾಧೀಶ.

ಶನಿವಾರ ಸ್ಮೆದಿಕ್‌ನಿಂದ ಬಂದಾಕೆ ಮಿಸೆಸ್ ಹೆಬರ್ಡ್.
ಉಣ್ಣೆಯ ಒಂಟಿ ಕಾಲುಚೀಲದೊಳಗಿಂದ
ನರ್ಸು ಥರ್ಮಾಮೀಟರು ತೆಗೆದಂತೆ ತೆಗೆದಳು.
ಅಪ್ಪನದಂತೆ. ಬೀಗದ ಕಾರ್ಖಾನೆಯಲ್ಲಿ ಮೂವತ್ತು ವರ್ಷ,
ಬಿಡುವ ದಿನ ಧಣಿಗಳೇ ಕೊಟ್ಟದ್ದಂತೆ.
ಹೆಸರು ಕೆತ್ತಿಸೋಣ ಅಂದರೆ ಅವನೇ ಬೇಡವೆಂದನಂತೆ,
"ನನ್ನದು ಅಂತ ನನಗೆ ಗೊತ್ತಲ್ಲ."

ಬೇಲಿಸ್ ಹೆಬ್ಬೆರಳಿಂದ ಅದರ ಬೆನ್ನು ಸವರಿದ.
ಬಾರ್ಲಿಕಾಳಿನ ಕೆತ್ತನೆ, ನಡುವೆ ಬೋಳು ಪಟ್ಟಿಯೊಂದು,
ಅಲ್ಲಿ ಬೆರಳು ತುಸು ತಗ್ಗಿಗೆ ಇಳಿಯಿತು.
ನನ್ನ ಕೈಗೆ ಕೊಟ್ಟ. ಏನು ಮಾಡಬೇಕೆಂದು ಹೇಳಲಿಲ್ಲ.
ಬಾಯಿ ತೆರೆದು, ಕನ್ನಡಕಕ್ಕೆ ಊದುವ ಹಾಗೆ,
ಒಂದು ಬಿಸಿಯುಸಿರು.

ಮಂಜು ಕೂತಿತು. ಮಂಜಿನಲ್ಲಿ
ಉಜ್ಜಿ ಅಳಿಸಿದ್ದು ಎದ್ದು ಬಂತು:
ಎರಡು ಅಕ್ಷರ, ಒಂದರ ಬಾಲ ಇನ್ನೊಂದಕ್ಕೆ ಸುತ್ತಿ.
ಅವಳ ಅಪ್ಪನವಲ್ಲ.
ನಾಲ್ಕು ಎಣಿಸುವಷ್ಟರಲ್ಲಿ ಆರಿಹೋಯಿತು.

ಗಿರವಿ ಅಂಗಡಿಯದಿರಬಹುದು.
ಧಣಿಗಳೇ ಹಳೆಯದನ್ನು ಉಜ್ಜಿಸಿ
ಹೊಸದೆಂದು ದಾಟಿಸಿರಬಹುದು.
ಇನ್ನೊಂದೂ ಇರಬಹುದು. ಬೀಗ ಬಲ್ಲ ಮನುಷ್ಯ.

"ನಲವತ್ತು ಪೌಂಡು" ಎಂದ ಬೇಲಿಸ್. "ಇಲ್ಲಿ ಬೆಳ್ಳಿ ತೆಳು."
ತೆಳು. ಅಷ್ಟೇ ಅಂದದ್ದು.
ನಾನು ಉಸಿರು ಬಿಗಿಹಿಡಿದು ನಿಂತೆ,
ಮೂಗಿನ ಗಾಳಿ ತಾಕಿದರೂ
ಅಕ್ಷರ ಮತ್ತೆ ಬಂದೀತೆಂಬ ಹಾಗೆ.

ಆಕೆ ಮಾರಲಿಲ್ಲ.
ನಮ್ಮ ರಸೀದಿ ಪುಸ್ತಕದ ರಟ್ಟಿನ ಮೇಲೆ
ಗೆರೆಯೊಂದು ಎಳೆದು ನೋಡಿದಳು. ಬರೆಯಿತು.
ಕಾಲುಚೀಲಕ್ಕೆ ತುರುಕಿ, ಬಾಗಿಲ ಹತ್ತಿರ ನಿಂತು
"ಅಪ್ಪನೂ ಹೀಗೇ ಊದುತ್ತಿದ್ದ" ಎಂದಳು,
"ಭಾನುವಾರ, ಊಟಕ್ಕೆ ಮುಂಚೆ, ಒಬ್ಬನೇ ಕೂತು.
ಹೊಳಪು ಬರಲಿ ಅಂತ, ಅನ್ನುತ್ತಿದ್ದ."